ತತ್ತಿ ಸಿಪ್ಪಿಯ ಇಂಜಿನಿಯರ್

ಆರನೆಯ ಇಯತ್ತೆಗೆ ದಶಾಂಶದ ಲೆಕ್ಕ ಹೇಳುತ್ತಿದ್ದೆ. ಶಾಲೆಯ ಸಿಪಾಯಿ ತಾರು ತಂದುಕೊಟ್ಟ. ಮದ್ರಾಸಿನಲ್ಲಿದ್ದ ತಮ್ಮ ಕಾಮಾಲೆಯಿಂದ ತೀರಿಕೊಂಡಿದ್ದ. ಹಲಗೆಯ ಮೇಲಿನ ಲೆಕ್ಕ ಮುಗಿಸಿಯೇ ಮನೆಗೆ ಹೋದೆ. ಸಮಾಧಾನ ಹೇಳಲು ಬಂದವರು ಅವನ ಸುದ್ದಿ ತೆಗೆದು ನಗುತ್ತಿದ್ದರು, ನಕ್ಕೆವಲ್ಲ ಎಂದು ಅಳುತ್ತಿದ್ದರು. ಅವನಿದ್ದಲ್ಲೆಲ್ಲ ನಗೆ ಬರುವಂಥವೇ ನಡೆಯುತ್ತಿದ್ದವು.

ಅವನು ಅಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಿದ್ದ. ತತ್ತಿಯ ಸಿಪ್ಪೆಯ ಒಳಗಿರುವ ತೆಳು ಪೊರೆಯನ್ನು ಬಿಡಿಸಿ, ಶುದ್ಧ ಮಾಡಿ, ಸುಟ್ಟ ಗಾಯದ ಮೇಲೆ ಹಾಸಿದರೆ ಕೆಳಗೆ ಹೊಸ ಚರ್ಮ ಬೆಳೆಯುತ್ತದೆ ಎಂಬುದು ಅವನ ಸಂಶೋಧನೆ. ನಮ್ಮದು ರಾಮದುರ್ಗದಲ್ಲಿ ಪೌರೋಹಿತ್ಯದ ಮನೆ.

ಬಸ್ಸಿನಲ್ಲಿ

ಒಮ್ಮೆ ಅವನು ಸೂಟಿಗೆ ಊರಿಗೆ ಬಂದಾಗ ಇಬ್ಬರೂ ಬೈಲಹೊಂಗಲದ ಖಾನಾವಳಿಯಿಂದ ಡಬ್ಬಿ ತುಂಬ ಸಿಪ್ಪೆ ತರುತ್ತಿದ್ದೆವು. ಕಂಡಕ್ಟರ್ ಮುಚ್ಚಳ ತೆಗೆಸಿದ.

"ತತ್ತಿ ಎಲ್ಲೈತ್ರಿ?"

"ಅಲ್ಲಿ ಮಂದಿ ತಿಂದ್ರು," ಅಂದ ತಮ್ಮ. "ಸಿಪ್ಪಿ ನಾವು ಕೇಳಿ ತಂದೇವಿ."

ಕಂಡಕ್ಟರ್ ಮುಚ್ಚಳ ಹಾಕಿದ. "ನಿಮಗ ಭಾಳ ಮೋಸ ಮಾಡ್ಯಾರ್ರಿ."

ಸವದತ್ತಿಯ ಕನ್ಯಾ

ಮಲಪ್ರಭೆಯ ಆಣೆಕಟ್ಟು ಮುಗಿದ ಹೊಸತು. ಸವದತ್ತಿಗೆ ತಮ್ಮನಿಗಾಗಿ ಕನ್ಯಾ ನೋಡಲು ಹೋದೆವು. ಹುಡುಗಿಯ ಅಜ್ಜ ಕೇಳಿದರು.

"ಇಂಜಿನಿಯರ್ ಅಂದ್ರ, ನಮ್ಮ ಡ್ಯಾಮ್ ಕಟ್ಟಿದವರೊಳಗ ಇದ್ರೇನು?"

"ಇಲ್ರಿ."

"ಹೊಳಿ ದಾಟಾಕ ಒಂದ ಪೂಲರೆ ಕಟ್ಟೀರೇನು?"

"ಅದೂ ಇಲ್ರಿ. ನಾ ಚರ್ಮ ಬೆಳಸತೇನಿ."

ಅಜ್ಜ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: "ಮಾಸ್ತರ, ಇವ್ರ ಕೆಲಸ ಹೋಗಿ ಎಷ್ಟ ದಿವಸ ಆತು?"

ಅವ್ವ

ತಯಾರಾದ ಪೊರೆಗಳ ಡಬ್ಬಿಯನ್ನು ಅವ್ವ ಒಳಗೆ ಬಿಡಲಿಲ್ಲ. ದನದ ಕೊಟ್ಟಿಗೆಯ ಗೂಡಿನಲ್ಲಿ ಇಡಿಸಿದಳು. ಅವಳು ಒಮ್ಮೆಯಾದರೂ ಅದನ್ನು ಕೈಯಲ್ಲಿ ಹಿಡಿದು ನೋಡಲಿ ಎಂಬುದು ತಮ್ಮನ ಆಸೆ. ಪ್ರತಿ ಸೂಟಿಯಲ್ಲೂ ಕೇಳುತ್ತಿದ್ದ.

"ಅವ್ವಾ, ನಿನ್ನ ಕೈ ಸುಟ್ರ ಇದನ್ನ ಹಚ್ಚಲೇನು?"

"ಕೈ ಹೋದ್ರೂ ಬ್ಯಾಡ."

"ಆಮ್ಯಾಲೆ ನನಗ ತುಪ್ಪ ಬಡಿಸಾವರು ಯಾರು?"

"ನಿನ್ನ ಹೆಂಡ್ತಿ. ಮೊದಲ ಆ ಡಬ್ಬಿ ಒಗದು ಕನ್ಯಾ ನೋಡು."

ಅವನ ಮೊದಲ ಮಾಸಿಕ ಶ್ರಾದ್ಧದ ದಿನ ವಡೆ ಕರಿಯುವಾಗ ಅವ್ವನ ಬಲಗೈ ಮೇಲೆ ಕಾದ ಎಣ್ಣೆ ಬಿತ್ತು. ಡಾಕ್ಟರರನ್ನು ಕರೆತರಲು ನಾನು ಚಪ್ಪಲಿ ಮೆಟ್ಟಿದೆ.

"ನಿಂದ್ರು," ಅಂದಳು. "ಕೊಟ್ಟಿಗ್ಯಾಗಿನ ಅವನ ಡಬ್ಬಿ ತಾ."

ಕೊಟ್ಟಿಗೆಯತ್ತ ತಿರುಗಿದೆ. ಮತ್ತೆ ಕರೆದಳು.

"ಚಪ್ಪಲಿ ಮೆಟ್ಟೀದಿ. ಜಳಕಾ ಮಾಡಿ ಮಡೀ ಉಟ್ಕೊಂಡು ಮುಟ್ಟು. ಮೈಲಿಗಿ ಕೈಲೆ ಅದನ್ನ ಮುಟ್ಟಬ್ಯಾಡ."

ಜಳಕ ಮಾಡಿ, ಒದ್ದೆ ಧೋತರದಲ್ಲೇ ಬಂದು ಪೊರೆ ಹಾಸಿದೆ.

ಅವ್ವನ ಕೈ ಮೇಲೆ ಕಲೆ ಉಳಿಯಲಿಲ್ಲ.