ನಲವತ್ತೆಂಟನೇ ದಿನದ ಸೋಪು

ಎಲ್ಲದಕ್ಕೂ ಕಾರಣ ಬಾಗಿಲಿಗೆ ಅಂಟಿಸಿದ ಒಂದು ಚೀಟಿ. 'ನಲವತ್ತೆಂಟು ದಿನ ಯಾರೂ ಒಳಗೆ ಬರಬಾರದು. ಏನನ್ನೂ ಮುಟ್ಟಬಾರದು.' ಜಗಳೂರಿನ ಓಬಳೇಶ್ ತನ್ನ ಮನೆಯ ಬೀದಿಬದಿಯ ಕೋಣೆಗೆ ಅದನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ.

ಒಳಗಿದ್ದದ್ದು ಸೋಪು. ಕೊಬ್ಬರಿ ಎಣ್ಣೆ, ಬೇವು, ಅರಿಶಿನ, ಲಾವಂಚ ಹಾಕಿ ಕೈಯಾರೆ ಮಾಡಿದ ಸೋಪು. ಆರೇಳು ವಾರ ಗಾಳಿಗೆ ಒಣಗದಿದ್ದರೆ ಮೈ ಉರಿಯುತ್ತದೆ ಎಂದು ಸೋಪು ಮಾಡುವ ತರಬೇತಿಯಲ್ಲಿ ಹೇಳಿದ್ದರು. ಇಷ್ಟನ್ನು ಬೀದಿಯವರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಯಾರಾದರೂ ತನ್ನ ಉಪಾಯ ಕದ್ದರೆ ಎಂಬ ಭಯಕ್ಕೆ ಪುಣ್ಯಾತ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದ. ದಿನಾ ಬೆಳಗ್ಗೆ ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟು, ಒಬ್ಬನೇ ಒಳಗೆ ಹೋಗಿ ಸೋಪುಗಳನ್ನು ಮಗುಚಿ ಹಾಕಿ ಮೌನವಾಗಿ ಹೊರಬರುತ್ತಿದ್ದ. ಕಿಟಕಿಯಿಂದ ಲಾವಂಚದ ಪರಿಮಳ ಬೀದಿಗೆಲ್ಲಾ ಹರಡುತ್ತಿತ್ತು. ಬೀದಿಯವರಿಗೆ ಕುತೂಹಲದಿಂದ ಊಟ ಸೇರುತ್ತಿರಲಿಲ್ಲ.

ನಲವತ್ತೆಂಟನೇ ದಿನ ಬಂತು. ಅಂದು ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಶಂಕರಮ್ಮ ಬರುವವರಿದ್ದರು. "ನಿಮ್ಮ ಬೀದಿಯೋರು ಹಚ್ಕೊಂಡು ಚಲೋ ಐತೆ ಅಂದ್ರೆ ನನ್ನ ಅಂಗಡ್ಯಾಗೆ ಇಡ್ತೀನಿ, ಇಲ್ಲಾಂದ್ರೆ ಇಲ್ಲ" ಎಂದಿದ್ದರು. ಹೆಂಡತಿ ಶೈಲಾ ಇನ್ನೊಂದು ಮಾತು ಸೇರಿಸಿದ್ದಳು. "ಅವ್ರು ಒಲ್ಲೆ ಅಂದ್ರೆ ನಾಳೆ ಬೆಳಗ್ಗೆ ನನ್ನ ತಮ್ಮನ ಬೋರ್‌ವೆಲ್ ಲಾರಿ ಹತ್ರಿ." ಬಾಮೈದನ ಕೈಕೆಳಗೆ ಧೂಳು ಕುಡಿಯುವುದನ್ನು ನೆನೆದರೇ ಓಬಳೇಶನಿಗೆ ಕೆಮ್ಮು ಬರುತ್ತಿತ್ತು.

ಬೆಳಗ್ಗೆ ಬೀಗ ತೆಗೆಯಲು ಬಂದರೆ ಬಾಗಿಲ ಮುಂದೆ ರಂಗೋಲಿ! ಪಕ್ಕದ ಮನೆಯ ಕೊಲ್ಲಾಪುರಮ್ಮ ತೆಂಗಿನಕಾಯಿ, ಕರ್ಪೂರ ಹಿಡಿದು ನಿಂತಿದ್ದರು. ಹಿಂದೆ ಇಡೀ ಬೀದಿ.

"ನಲವತ್ತೆಂಟು ದಿನದ ಮಂಡಲ ಮುಗೀತಲ್ಲಪ್ಪಾ. ನಮಗೂ ದರ್ಶನ ಮಾಡ್ಸು."

"ಅಯ್ಯೋ ದೊಡ್ಡವ್ವಾ, ಯಾವ ಮಂಡಲಾನೂ ಇಲ್ಲ. ಒಳಗಿರೋದು ಸೋಪು!"

ಬೀದಿಯ ಹಿರಿಯ ಗಾದ್ರಪ್ಪ ತಲೆದೂಗಿದರು. "ನೋಡ್ರಿ, ಎಷ್ಟು ವಿನಯ. ವ್ರತ ಹಿಡಿದೋರು ಹಂಗೆಲ್ಲಾ ಹೇಳ್ಕೊಳ್ಳಲ್ಲ."

ಬಾಗಿಲು ತೆರೆಯಿತು. ಬಿಳಿ ಬಟ್ಟೆಯ ಮೇಲೆ ಅರಿಶಿನ ಬಣ್ಣದ ದುಂಡನೆಯ ಸೋಪುಗಳು ಸಾಲಾಗಿ ಕೂತಿದ್ದವು. ಕೊಲ್ಲಾಪುರಮ್ಮ ಕಾಯಿ ಒಡೆದೇಬಿಟ್ಟರು. ಎಲ್ಲರೂ ಬಲಗೈ ಚಾಚಿದರು.

ಓಬಳೇಶನ ತಲೆ ಓಡಿತು. ಹೇಗೂ ಬೀದಿಯವರೇ ಹಚ್ಚಿಕೊಂಡು ನೋಡಬೇಕಿತ್ತು, ತಾವಾಗಿಯೇ ಬಂದು ಕೇಳುತ್ತಿದ್ದಾರೆ. ಮನೆಗೊಂದರಂತೆ ಹಂಚಿದ.

"ಹಚ್ಕೊಂಡೇ ನೋಡ್ಬೇಕು ಅಂತ ಬಿಡಿಸಿ ಹೇಳ್ರಿ" ಎಂದು ಶೈಲಾ ಪಿಸುಗುಟ್ಟಿದಳು.

"ಅದನ್ನೂ ಹೇಳ್ಬೇಕಾ? ಸೋಪು ತಗೊಂಡು ಇನ್ನೇನ್ ಮಾಡ್ತಾರೆ?"

ನಾಲ್ಕು ಗಂಟೆಗೆ ಬಂದ ಶಂಕರಮ್ಮ ನೇರ ಕೊಲ್ಲಾಪುರಮ್ಮನ ಮನೆಗೆ ನಡೆದರು. ಓಬಳೇಶ್ ಅವರ ಹಿಂದೆಯೇ ಹೋದ.

"ಸೋಪು ಹೆಂಗೈತ್ರೀ?"

"ಭಾಳ ಚಲೋ ಐತವ್ವ! ಮನೆಗೆ ಬಂದಾಗಿನಿಂದ ಮೊಣಕಾಲು ನೋವು ಅರ್ಧ ಇಳಿದೈತೆ."

ಓಬಳೇಶನ ಮುಖ ಅರಳಿತು.

"ನೊರೆ ಬರ್ತೈತಾ?"

"ನೊರೆ? ಪ್ರಸಾದಾನ ಯಾರಾದ್ರೂ ಬಚ್ಚಲಿಗೆ ಒಯ್ತಾರೇನವ್ವ?" ಕೊಲ್ಲಾಪುರಮ್ಮ ದೇವರ ಜಗಲಿಯ ಕಡೆ ಕೈ ತೋರಿದರು. ಸೋಪು ಕುಂಕುಮ ಇಟ್ಟುಕೊಂಡು, ಮಲ್ಲಿಗೆ ಮುಡಿದು ಕೂತಿತ್ತು.

ಎರಡನೇ ಮನೆಯಲ್ಲೂ ಜಗಲಿ. ಮೂರನೆಯದರಲ್ಲೂ ಅದೇ. ಗಾದ್ರಪ್ಪನವರ ಮನೆಯಲ್ಲಿ ಅದರ ಮುಂದೆ ದೀಪ ಬೇರೆ ಉರಿಯುತ್ತಿತ್ತು.

ಓಬಳೇಶನಿಗೆ ಅಳು ಬಂತು. ಮನೆಗೆ ಓಡಿ ಒಂದು ಸೋಪು, ಒಂದು ಚೊಂಬು ನೀರು ತಂದು ಬೀದಿಯಲ್ಲೇ ಕೈ ಉಜ್ಜತೊಡಗಿದ. "ನೋಡ್ರಿ, ನೊರೆ ನೋಡ್ರಿ! ಎಂಥಾ ನೊರೆ!"

"ಏಯ್!" ಗಾದ್ರಪ್ಪ ಚೀರಿದರು. "ಮಾಡಿದ ಪುಣ್ಯಾನೆಲ್ಲಾ ಮೋರಿಗೆ ಬಿಡ್ತೀಯೇನೋ?" ನಾಲ್ಕು ಜನ ಸೇರಿ ಅವನ ಕೈಯಿಂದ ಸೋಪು ಕಿತ್ತು ಶಂಕರಮ್ಮನ ಕೈಗೆ ಕೊಟ್ಟರು.

ಶಂಕರಮ್ಮ ಅಷ್ಟರಲ್ಲಿ ಚಪ್ಪಲಿ ಬಿಟ್ಟಿದ್ದರು. ಸೋಪನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. "ಇದನ್ನ ಮಾರಾಕೆ ನನ್ನಿಂದ ಆಗಲ್ಲ ಕಣಪ್ಪ. ಪಾಪ ಬರ್ತೈತೆ."

ಹೊತ್ತು ಮುಳುಗುವಾಗ ಓಬಳೇಶ್ ಸೋತು ಸ್ನಾನಕ್ಕೆ ಹೋದ. ಬಚ್ಚಲಿನಲ್ಲಿ ಸೋಪಿರಲಿಲ್ಲ. ಕೋಣೆಯಲ್ಲೂ ಒಂದೂ ಉಳಿದಿರಲಿಲ್ಲ.

"ಶೈಲಾ, ಮಿಕ್ಕಿದ್ದ ಸೋಪೆಲ್ಲಿ?"

"ಹಿಂದಿನ ಬೀದಿಯೋರೂ ಬಂದು ಒಯ್ದ್ರು. ಒಂದು ಉಳಿದಿತ್ತು, ದೇವರ ಜಗಲಿ ಮೇಲೆ ಇಟ್ಟೀನಿ. ಇಷ್ಟ್ ಜನ ಕೈ ಮುಗಿದ್ಮೇಲೆ ನನಗೂ ಧೈರ್ಯ ಬರ್ಲಿಲ್ರೀ. ಅಂಗಡಿಗೆ ಹೋಗಿ ಒಂದು ಸೋಪು ತಗೊಂಡ್ ಬರ್ರಿ. ನಾಳೆ ಲಾರಿ ಬೇರೆ ಹತ್ಬೇಕಲ್ಲ."

ಶಂಕರಮ್ಮನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಓಬಳೇಶನ ಸೋಪು ಹಾರ ಹಾಕಿಸಿಕೊಂಡು ಕೂತಿತ್ತು.

"ಬಾರಪ್ಪಾ ಬಾ! ನಿನ್ನ ಪ್ರಸಾದ ಬಂದ ಗಳಿಗೆ ಭಾಳ ಚಲೋ ಐತೆ" ಎನ್ನುತ್ತಾ ಶಂಕರಮ್ಮ ಕಪಾಟಿನ ಮೂಲೆಯಿಂದ ಕಂಪನಿಯ ಸೋಪೊಂದನ್ನು ತೆಗೆದು ಅವನ ಕೈಗಿಟ್ಟರು. "ಇದೊಂದೇ ಉಳಿದಿದ್ದು. ಅಂಗಡ್ಯಾಗಿದ್ದ ಸೋಪೆಲ್ಲಾ ಈ ಸಂಜೆಗೇ ಖಾಲಿ!"