ಮಾವನ ರಾಡು, ನನ್ನ ತಂತಿ

ಸೈಕಲ್ ಅಂಗಡಿ ಇಟ್ಟವನಿಗೆ ವ್ಯಾಪಾರಕ್ಕೆ ಬರ ಬಂದೀತು, ನಗುವುದಕ್ಕೆ ಮಾತ್ರ ಬರವಿಲ್ಲ. ತೊಂಬತ್ತರ ದಶಕದ ಕೊನೆಗೆ ದಾವಣಗೆರೆಯ ನನ್ನ ಅಂಗಡಿಗೆ ದಪ್ಪ ಟೈರಿನ ಮೌಂಟೇನ್ ಸೈಕಲ್ ಬಂದಾಗಂತೂ ದಿನಕ್ಕೊಂದು ಕತೆ. ನಮ್ಮೂರಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಬೇಡಿ. ಜನ ಕೇಳಿದರು, ನಾನು ತರಿಸಿದೆ.

ತಕರಾರು ಇದ್ದದ್ದು ಹರಿಹರದಲ್ಲಿ. ಅಲ್ಲಿ ನನ್ನ ಹೆಂಡತಿಯ ಅಪ್ಪನದೂ ಸೈಕಲ್ ಅಂಗಡಿ. ಮಾವನ ಪಾಲಿಗೆ ಬ್ರೇಕ್ ಎಂದರೆ ರಾಡ್ ಬ್ರೇಕ್. ಹ್ಯಾಂಡಲ್‌ನಿಂದ ಚಕ್ರದವರೆಗೂ ಕಬ್ಬಿಣದ ಸರಳು. ನನ್ನ ಸೈಕಲ್‌ಗಳಿಗೋ ತಂತಿ. "ಅಳಿಯಂದ್ರೆ, ಕಬ್ಬಿಣ ಬಿಟ್ಟು ದಾರ ನಂಬೀರಲ್ರಿ," ಎಂದು ಬಂದವರ ಎದುರಿಗೇ ಅನ್ನುತ್ತಿದ್ದರು. ಅವರು ಒಪ್ಪದೆ ಹರಿಹರದಲ್ಲಿ ನನ್ನ ಒಂದು ಸೈಕಲ್ಲೂ ಓಡುವಂತಿರಲಿಲ್ಲ. ಅವರನ್ನು ಒಪ್ಪಿಸದೆ ಬಿಡಬಾರದು ಎಂಬ ಹಟ ನನಗೆ ಹಿಡಿದುಬಿಟ್ಟಿತು.

ಕಿರುಚುವ ಬ್ರೇಕು

ಮೊದಲು ತರಿಸಿದ್ದು ಕ್ಯಾಂಟಿಲಿವರ್ ಬ್ರೇಕಿನವು. ಚಕ್ರದ ಆಚೀಚೆ ಎರಡು ಕೊಂಬು, ನಡುವೆ ತಂತಿ. ಚೆನ್ನಾಗಿ ಹಿಡಿಯುತ್ತದೆ, ಆದರೆ ಹೊಸದರಲ್ಲಿ ಕಿರುಚುತ್ತದೆ. ಮಾಯಕೊಂಡದ ಗೌಡರೊಬ್ಬರು ಒಂದನ್ನು ಒಯ್ದವರು ವಾರದೊಳಗೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದರು.

"ಏನಾತ್ರಿ ಗೌಡ್ರೆ?"

"ಬ್ರೇಕ್ ಹಿಡಿದ್ರೆ ಊರೆಲ್ಲ ತಿರುಗಿ ನೋಡ್ತಿತ್ರಿ. ನಾಚಿಕೆ ಆತು. ರಬ್ಬರಿಗೆ ಒಂಚೂರು ಕೊಬ್ಬರಿ ಎಣ್ಣೆ ಬಿಟ್ಟೆ."

"ಬ್ರೇಕಿಗೆ ಎಣ್ಣೆ ಬಿಟ್ರಾ?"

"ಹೂಂರಿ. ಸದ್ದು ಅಲ್ಲೇ ನಿಂತ್ಹೋತು. ಸೈಕಲ್ ಮಾತ್ರ ನಮ್ಮ ಬೀಗರ ಹುಲ್ಲಿನ ಬಣವೆಗೆ ಹೋಗಿ ನಿಂತಿತು."

ಮಂಡಕ್ಕಿ

ಆ ಸುದ್ದಿ ಹರಿಹರಕ್ಕೆ ಬಸ್ಸಿಗಿಂತ ಮೊದಲೇ ಮುಟ್ಟಿತು. ಮಾವ ಫೋನ್ ಮಾಡಿ, ಹೊಟ್ಟೆ ತುಂಬ ನಕ್ಕು ಇಟ್ಟುಬಿಟ್ಟರು. ನಾನು ಬಿಡುವವನೇ? ಪವರ್ ಬ್ರೇಕಿನ ಸೈಕಲ್ ತರಿಸಿದೆ. ಉದ್ದನೆಯ ಎರಡು ತೋಳು ಚಕ್ರವನ್ನು ಎರಡೂ ಕಡೆಯಿಂದ ಗಬಕ್ಕನೆ ಹಿಡಿಯುತ್ತವೆ. ಒಂದು ಬೆರಳು ಒತ್ತಿದರೆ ಸಾಕು.

ಎಂ.ಸಿ.ಸಿ. ಬಡಾವಣೆಯಲ್ಲಿ ಮಂಡಕ್ಕಿ ಮಾರುವವರೊಬ್ಬರು ಅದನ್ನು ಕೊಂಡರು. ಅವರದು ರಾಡ್ ಬ್ರೇಕಿಗೆ ಪಳಗಿದ ಕೈ. ನಾಯಿ ಅಡ್ಡ ಬಂದದ್ದೇ ತಡ, ಹಳೇ ಅಭ್ಯಾಸದಂತೆ ಮುಷ್ಟಿ ಕಟ್ಟಿ ಹಿಂಡಿದರು. ಸೈಕಲ್ ನಿಂತಿತು. ಹ್ಯಾಂಡಲ್ ಮೇಲಿನ ಚೀಲ ನಿಲ್ಲಲಿಲ್ಲ. ರಸ್ತೆ ತುಂಬ ಮಂಡಕ್ಕಿ. ಸುದ್ದಿ ಕೇಳಿ, ಬೈಗುಳ ತಿನ್ನುವುದು ಖಾತ್ರಿ ಎಂದುಕೊಂಡೇ ಅಲ್ಲಿಗೆ ಓಡಿದೆ. ಅವರು ಮೀಸೆಗೆ ಹತ್ತಿದ ಮಂಡಕ್ಕಿ ಕೊಡವುತ್ತ ಹೇಳಿದರು:

"ಬ್ರೇಕ್ ಭಾಳ ಚಲೋ ಐತ್ರಿ. ಇಂಥದ್ದೇ ಇನ್ನೊಂದು ಮಂಡಕ್ಕಿ ಚೀಲಕ್ಕೂ ಹಾಕ್ಕೊಡ್ರಿ."

ಹೊಳೆ ಇಳಿಜಾರು

ಮುಂದಿನ ಹಬ್ಬಕ್ಕೆ ಹರಿಹರಕ್ಕೆ ಹೋದರೆ, ಊಟದ ಪಂಕ್ತಿಯಲ್ಲೇ ಮಾವ ಶುರು ಮಾಡಿದರು. "ನಮ್ಮ ಅಳಿಯಂದ್ರ ಅಂಗಡ್ಯಾಗೆ ಎರಡು ಥರ ಬ್ರೇಕ್ ಅದಾವೆ. ಒಂದು ನಿಲ್ಲಂಗಿಲ್ಲ. ಇನ್ನೊಂದು ತಾನು ನಿಂತು ಸಾಮಾನು ಒಗಿತೈತೆ."

ಎಲ್ಲರೂ ನಕ್ಕರು. ನಾನು ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದು ಬಂದವನೇ, "ಬರ್ರಿ ಮಾವಾರೆ, ಹೊಳೆ ಇಳಿಜಾರಿಗೆ. ನಿಮ್ಮ ರಾಡು, ನನ್ನ ಪವರು. ಸೋತೋರು ಗೆದ್ದೋರ ಬ್ರೇಕ್ ಮಾರಬೇಕು," ಎಂದೆ.

"ಉಂಡು ಗಳಿಗೆ ಆಗಿಲ್ಲ, ಸುಮ್ನೆ ಅಡ್ಡಾಗ್ರಿ," ಎಂದರು ಅತ್ತೆ. ಯಾರು ಕೇಳುತ್ತಾರೆ?

ನೀರಿಗೆ ಸಾಕಷ್ಟು ಮೇಲೆಯೇ ಅಡ್ಡಲಾಗಿ ಸುಣ್ಣದ ಗೆರೆ ಎಳೆದೆವು. ಗೆರೆ ದಾಟಿದವರು ಸೋತಂತೆ. ಅಷ್ಟರಲ್ಲಿ ಮಾವ ತಾವಾಗಿಯೇ ಒಂದು ಷರತ್ತು ಹಾಕಿದರು. "ಒಣ ಗಾಲಿಗೆ ಯಾವ ಬ್ರೇಕಾದ್ರೂ ಹಿಡಿತೈತೆ. ಎರಡಕ್ಕೂ ನೀರು ಹಾಕ್ರಿ." ಹಾಕಿದೆವು. ಸೋತರೆ ಜೀವನಪೂರ್ತಿ ರಾಡ್ ಬ್ರೇಕ್ ಮಾರಬೇಕಲ್ಲ ಎಂದು ನಾನು ಬ್ರೇಕನ್ನು ಒತ್ತಿ ಒತ್ತಿ ನೋಡಿಕೊಂಡೆ.

ಮೊದಲು ನಾನು ಇಳಿದೆ. ಗೆರೆ ಹತ್ತಿರ ಬಂತು, ಎರಡೇ ಬೆರಳಲ್ಲಿ ಹಗುರಾಗಿ ಒತ್ತಿದೆ. ಮುಂದಿನ ಗಾಲಿ ಸರಿಯಾಗಿ ಗೆರೆ ಮೇಲೆ ನಿಂತಿತು. ತವರಿನವರೆಲ್ಲ ಸುತ್ತ ಇದ್ದರೂ ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ನಿಜ ಹೇಳುತ್ತೇನೆ, ಮದುವೆ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಆಮೇಲೆ ಮಾವ. ಪಂಚೆ ಎತ್ತಿ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಹೊರಟರು. ಗೆರೆಗೆ ಮೊದಲೇ ಎರಡೂ ಕೈಯಲ್ಲಿ ಹಿಂಡಿದರು. ಒದ್ದೆ ಉಕ್ಕಿನ ರಿಮ್ಮಿಗೆ ರಬ್ಬರು ಒತ್ತಿಕೊಂಡರೂ ಸೋಪಿನ ಮೇಲೆ ಜಾರಿದಂತೆ ಜಾರಿತು. ಗೆರೆ ದಾಟಿದರು. ನನ್ನನ್ನೂ ದಾಟಿದರು. ಮುಖದಲ್ಲಿ ಗಾಬರಿಯೇ ಇಲ್ಲ, ಒಂದೇ ಸಮನೆ ಬೆಲ್ ಹೊಡೆಯುತ್ತಿದ್ದಾರೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಟ್ಟೆ ಎತ್ತಿಕೊಂಡು ದಾರಿ ಬಿಟ್ಟರು. ಸೈಕಲ್ ಸೀಟಿನ ಮಟ್ಟದ ನೀರಿಗೆ ಹೋಗಿ ನಿಂತಿತು. ನಗಲು ಯಾರಿಗೂ ಧೈರ್ಯವಿಲ್ಲ. ಮೊದಲು ನಕ್ಕವರು ಅತ್ತೆ.

ಮಾವ ದಡಕ್ಕೆ ಬಂದು ಪಂಚೆ ಹಿಂಡಿಕೊಳ್ಳುತ್ತ, "ನಾಳೆ ಕಳಿಸ್ರಿ ನಿಮ್ಮ ಸೈಕಲ್ಲು," ಎಂದರು. ಅಷ್ಟೇ. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ವಾರ ಬಿಟ್ಟು ಹೋದರೆ, ಮಾವನ ಅಂಗಡಿ ಮುಂದೆ ನನ್ನ ಸೈಕಲ್‌ಗಳು ಸಾಲಾಗಿ ನಿಂತಿವೆ. ಮಲೆಬೆನ್ನೂರಿನ ಗಿರಾಕಿಯೊಬ್ಬರು ಅನುಮಾನದಿಂದ ಬ್ರೇಕ್ ಒತ್ತಿ ನೋಡುತ್ತಿದ್ದಾರೆ. "ಸಾವ್ಕಾರ್ರೆ, ಇದನ್ನ ನಂಬಬೋದಾ?"

ಮಾವ ಎದೆ ಉಬ್ಬಿಸಿ ಹೇಳಿದರು: "ಏನಂದ್ಕೊಂಡೀರಿ ನನ್ನ? ಖುದ್ದು ಹೊಳೆಗಿಳಿದು ಪರೀಕ್ಷೆ ಮಾಡಿದ ಮ್ಯಾಲೇ ಅಂಗಡ್ಯಾಗೆ ಇಟ್ಟೀನಿ."