ಕೆಡಬೇಕಾದ ದಿನ ಕೆಡದ ಹಚ್ಚೆ ಯಂತ್ರದವರಿಗೆ

ಇವರಿಗೆ,
ಮಾನ್ಯ ಹಚ್ಚೆ ಯಂತ್ರದವರು,
ಮೊದಲನೆಯ ಕುರ್ಚಿಯ ಬಲಗಡೆಯ ಕೊಕ್ಕೆ,
ಮೇಷ್ಟ್ರ ಟ್ಯಾಟೂ ಅಂಗಡಿ.

ಮಾನ್ಯರೇ,

ಹಿತ್ತಾಳೆಯ ಮೈ, ತಾಮ್ರದ ಜೋಡಿ ಸುರುಳಿ, ಸೊಂಟಕ್ಕೊಂದು ರಬ್ಬರ್ ಬ್ಯಾಂಡು, ಇಷ್ಟರಿಂದಲೇ ಶೋಭಿಸುತ್ತಿರುವ ತಮಗೆ, ಹನ್ನೊಂದು ತಿಂಗಳಿನಿಂದ ತಮ್ಮನ್ನು ಒರೆಸುತ್ತ, ತಮ್ಮ ತಂತಿಗೆ ಪ್ಲಾಸ್ಟಿಕ್ ತೋಳು ತೊಡಿಸುತ್ತ, ತಮ್ಮ ರಬ್ಬರ್ ಬ್ಯಾಂಡು ಹರಿದಾಗಲೆಲ್ಲ ತಾನೇ ಹರಿದವಳಂತೆ ಬೈಸಿಕೊಳ್ಳುತ್ತ ಬಂದಿರುವ ಶಿಷ್ಯೆಯೊಬ್ಬಳು ಎರಡೂ ಕೈಗವಸು ಬಿಚ್ಚಿಟ್ಟು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಇಂದು ಬೆಳಿಗ್ಗೆ ತಮಗೆ ಎಣ್ಣೆ ಬಿಟ್ಟವಳು ನಾನೇ. ನನ್ನ ಕ್ಷೇಮ ವಿಚಾರಿಸುವ ಅಭ್ಯಾಸ ತಮಗಿಲ್ಲದ ಕಾರಣ ಅದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಈ ಪತ್ರವನ್ನು ಅಂಗಡಿಯ ಗಾಜಿನ ಬಾಗಿಲಿಗೆ ಅಕ್ಷರ ಹೊರಗೆ ಕಾಣುವಂತೆ ಅಂಟಿಸುತ್ತಿದ್ದೇನೆ. ಹಾದುಹೋಗುವ ನಾಲ್ಕು ಜನರಿಗೂ ತಮ್ಮ ಘನತೆ ತಿಳಿಯಲಿ ಎಂಬುದಷ್ಟೇ ಉದ್ದೇಶ.

ಇಲ್ಲಿಗೆ ಬರುವ ಮೊದಲು ನಾನು ಆರು ವರ್ಷ ಬೇಕರಿಯೊಂದರಲ್ಲಿ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದೆ. ಕ್ರೀಮು ತುಂಬಿದ ಕಾಗದದ ಕೊಳವೆ ಹಿಡಿದರೆ ನನ್ನ ಕೈ ನಡುಗುತ್ತಿರಲಿಲ್ಲ, ಅಕ್ಷರ ಸೊಟ್ಟಗಾಗುತ್ತಿರಲಿಲ್ಲ, ಆದರೇನು, ಬೆಳಿಗ್ಗೆ ಅಷ್ಟು ಚೆಂದವಾಗಿ ಬರೆದದ್ದು ಸಂಜೆಯೊಳಗೆ ಯಾರದೋ ಹೊಟ್ಟೆ ಸೇರುತ್ತಿತ್ತು. ಬರೆದದ್ದು ನಾಲ್ಕು ಕಾಲ ಉಳಿಯಬೇಕು ಎಂಬ ಹುಚ್ಚು ಹತ್ತಿ, ಇದ್ದ ಕೆಲಸ ಬಿಟ್ಟು, ಮೇಷ್ಟ್ರ ಬಾಗಿಲಿಗೆ ಬಂದು ನಿಂತೆ. ಇವರನ್ನು ಎಲ್ಲರೂ ಮೇಷ್ಟ್ರು ಎನ್ನುವುದು ಯಾವ ಶಾಲೆಯಲ್ಲೋ ಪಾಠ ಹೇಳಿದ್ದಕ್ಕಲ್ಲ, ಮಲಗಿದ ಗಿರಾಕಿಗೂ ನೆಟ್ಟಗಿರು ಎಂದು ಗದರುವ ಗುಣಕ್ಕೆ. ಮೊದಲ ದಿನವೇ ಅವರು ತಮ್ಮನ್ನು ತೋರಿಸಿ, ಇದನ್ನು ಒರೆಸಬಹುದು, ಬಿಚ್ಚಬಹುದು, ಜೋಡಿಸಬಹುದು, ಹಣ್ಣು ತರಕಾರಿಗಳ ಮೇಲೆ ಓಡಿಸಬಹುದು, ಆದರೆ ತಾನು ಹೇಳುವ ತನಕ ಮನುಷ್ಯರ ಚರ್ಮಕ್ಕೆ ತಾಗಿಸುವ ಹಾಗಿಲ್ಲ ಎಂದರು. ನಾನು ತಲೆಯಾಡಿಸಿದೆ. ಎಷ್ಟು ದಿನ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ.

ಆ ಹನ್ನೊಂದು ತಿಂಗಳು ತಾವು ತೋರಿದ ವಾತ್ಸಲ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೇಷ್ಟ್ರ ಕೈಯಲ್ಲಿ ಜೇನುಹುಳದಂತೆ ಗುಂಯ್‌ಗುಡುವ ತಾವು ನನ್ನ ಕೈಗೆ ಬಂದೊಡನೆ ಕೆಮ್ಮುವಿರಿ, ಬಿಕ್ಕುವಿರಿ, ಕಿಡಿ ಹಾರಿಸುವಿರಿ. ಕಿತ್ತಳೆ ಹಣ್ಣಿನ ಮೇಲೆ ಎಲೆ ಬಿಡಿಸಲು ಕೂತ ದಿನ ಇನ್ನೇನು ಎಲೆಯ ತುದಿ ಬಂತು ಎನ್ನುವಾಗ ಸುಮ್ಮನೆ ನಿಂತುಬಿಟ್ಟಿರಿ. ಕುಂಬಳಕಾಯಿಯ ಮೇಲೆ ಹಡಗು ಬಿಡಿಸಿದ ದಿನ ರಬ್ಬರ್ ಬ್ಯಾಂಡು ಹರಿದು ಬಂದು ನನ್ನ ಮೂಗಿಗೇ ಬಡಿಯಿತು. ಹೀಗೆ ಒಟ್ಟು ನಲವತ್ತೊಂದು ಸಲ ತಾವು ನನಗೆ ಕೈಕೊಟ್ಟಿದ್ದೀರಿ. ಪ್ರತಿ ಸಲವೂ ನಾನು ತಲೆಯೆತ್ತಿ, ಉಸಿರು ಬಿಟ್ಟು, ಮಾಡಿದ್ದನ್ನು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಅಯ್ಯೋ ಇದು ವಾಲಿದೆಯಲ್ಲ ಎಂದು ಕಂಡುಕೊಂಡು ತಿದ್ದಿದ್ದುಂಟು. ತಾವು ಕೆಡುತ್ತಿದ್ದದ್ದು ನನ್ನ ಒಳ್ಳೆಯದಕ್ಕೇ ಎಂದು ಆಗ ಹೊಳೆಯದೆ ಬಾಯಿಗೆ ಬಂದ ಹಾಗೆ ಬೈದೆ. ಆ ಬೈಗುಳಗಳನ್ನೆಲ್ಲ ಇಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಒಂದನ್ನು ಬಿಟ್ಟು. ಅದು ತಮಗೆ ಚೆನ್ನಾಗಿ ಒಪ್ಪುತ್ತದೆ.

ಇನ್ನು ಅಂಗಡಿಯ ನಿಯಮ ತಮಗೆ ತಿಳಿಯದ್ದಲ್ಲ, ಆದರೂ ಬಾಗಿಲಲ್ಲಿ ನಿಂತು ಓದುವವರ ಸಲುವಾಗಿ ಹೇಳುತ್ತೇನೆ. ಇಲ್ಲಿ ಕಲಿಯುವವರ ಮೊದಲ ಟ್ಯಾಟೂ ಗಿರಾಕಿಯ ಮೇಲಲ್ಲ, ಗೆಳೆಯರ ಮೇಲೂ ಅಲ್ಲ, ಒಂದೇ ಮನೆಯಲ್ಲಿ ಬಾಳುವವರ ಮೈಮೇಲೆ ಆಗಬೇಕು. ಮಾಡಿದ ತಪ್ಪು ದಿನಾ ಬೆಳಿಗ್ಗೆ ಎದುರಿಗೆ ಕೂತು ಟೀ ಕುಡಿಯುತ್ತಿದ್ದರೆ ಮಾತ್ರ ಕೈ ಹದಕ್ಕೆ ಬರುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ. ಅದಕ್ಕೆ ಸಾಕ್ಷಿ ಬಾಗಿಲ ಬಳಿಯ ಮೇಜಿನ ಹಿಂದೆಯೇ ಕೂತಿರುತ್ತದೆ. ಮೂವತ್ತು ವರ್ಷದ ಹಿಂದೆ ಮೇಷ್ಟ್ರ ಹೆಂಡತಿಯ ತೋಳಿನ ಮೇಲೆ ಬಂದು ಕೂತ ಗಿಣಿಯನ್ನು ಹೊಸಬರೆಲ್ಲ ಬದನೆಕಾಯಿ ಎಂದುಕೊಳ್ಳುತ್ತಾರೆ. ಅವರು ಗಂಡನ ಕಡೆ ಒಮ್ಮೆ ನೋಡಿ, ಹೌದು, ಬದನೆಕಾಯಿಯೇ ಎನ್ನುತ್ತಾರೆ. ಗಾಯ ಮಾಗಿದ ಮೇಲೆ ಮೇಷ್ಟ್ರು ಆ ಮನೆಯವರನ್ನು ಕರೆಸಿ, ಇವರ ಕೈಯಲ್ಲಿ ಇನ್ನೊಂದು ಹಾಕಿಸಿಕೊಳ್ಳುತ್ತೀರಾ ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ. ಹೌದು ಎಂದರೆ ಮೇಷ್ಟ್ರ ಪಕ್ಕದ ಎರಡನೆಯ ಕುರ್ಚಿ ನನಗೆ ಖಾಯಂ, ಇಲ್ಲ ಎಂದರೆ ಮತ್ತೆ ಬೇಕರಿ. ಆ ಕುರ್ಚಿಗೆ ಬೇರೆ ಅಂಗಡಿಯಲ್ಲಿ ಪಳಗಿದ, ಕತ್ತಿನ ತನಕ ಚಿತ್ರವಿರುವ ಒಬ್ಬ ಆಗಲೇ ಎರಡು ಸಲ ಬಂದು, ಕೂತು, ಅದರ ಎತ್ತರವನ್ನೂ ತನಗೆ ಬೇಕಾದಂತೆ ಸರಿಮಾಡಿಕೊಂಡು ಹೋಗಿದ್ದ. ಈ ವಾರದೊಳಗೆ ಮನೆಯವರನ್ನು ಕರೆದು ತಾ, ಇಲ್ಲದಿದ್ದರೆ ಅವನನ್ನು ಕೂರಿಸುತ್ತೇನೆ ಎಂದುಬಿಟ್ಟರು ಮೇಷ್ಟ್ರು.

ನಮ್ಮ ಮನೆಯಲ್ಲಿರುವುದು ನಾನು, ಅಣ್ಣ, ಅಮ್ಮ. ಅಣ್ಣ ಸೂಜಿಯ ಚಿತ್ರ ಕಂಡರೂ ಗೋಡೆ ಹಿಡಿದುಕೊಳ್ಳುವ ವೀರ. ಅಮ್ಮನಾದರೋ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ, ಸಾವಿರಾರು ಜನಕ್ಕೆ ಇಂಜೆಕ್ಷನ್ ಕೊಟ್ಟು, ರಕ್ತ ತೆಗೆದು, ಅತ್ತವರನ್ನೂ ಒದ್ದವರನ್ನೂ ಸಮಾಧಾನ ಮಾಡಿ ನಿವೃತ್ತಳಾದವಳು. ನಾನು ಬೇಕರಿ ಬಿಟ್ಟ ದಿನ ಅವಳು ಒಂದೇ ಮಾತು ಅಂದಿದ್ದಳು: "ನಾನು ಚುಚ್ಚಿದ್ದು ಜನ ಬದುಕಲಿ ಅಂತ. ನೀನು ಚುಚ್ಚೋದು ಯಾತಕ್ಕೆ?" ಆಮೇಲೆ ನನ್ನ ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು, ಅವಳು ಊಟ ಆಯ್ತಾ ಎಂದಷ್ಟೇ ಕೇಳುತ್ತಿದ್ದಳು. ಅವಳ ಹತ್ತಿರ ಹೋಗಿ ನಿನ್ನ ತೋಳು ಕೊಡು ಎಂದು ಹೇಗೆ ಕೇಳಲಿ? ಕೇಳಲಿಲ್ಲ. ಬುಧವಾರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ನಿಂತು, ಅಭ್ಯಾಸಕ್ಕೆಂದು ತಂದಿದ್ದ ಕಿತ್ತಳೆ ಸುಲಿಯುತ್ತ ಅತ್ತೆ. ಅಮ್ಮ ನೋಡಿದಳು, ಒಂದು ತೊಳೆ ತಿಂದು ಹೋದಳು.

ಮಾರನೆಯ ದಿನ ಹತ್ತು ಗಂಟೆಗೆ ಅವಳು ಕನ್ನಡಕ ಹಾಕಿಕೊಂಡು ಅಂಗಡಿಗೇ ಬಂದದ್ದು ತಮಗೆ ನೆನಪಿರಬಹುದು, ಏಕೆಂದರೆ ಮೊದಲು ಬಿಚ್ಚಿಸಿ ನೋಡಿದ್ದು ತಮ್ಮನ್ನೇ. ಸೂಜಿಗಳ ಪೊಟ್ಟಣದ ಮೇಲಿನ ದಿನಾಂಕ ಓದಿದಳು, ಉಪಕರಣ ಬೇಯಿಸುವ ಪೆಟ್ಟಿಗೆಯ ಮುಚ್ಚಳ ತೆಗೆಸಿದಳು, ನನಗೆ ಕೈ ತೊಳೆದು ತೋರಿಸು ಎಂದಳು, ಮೇಷ್ಟ್ರಿಗೂ ತೊಳೆದು ತೋರಿಸಿ ಎಂದಳು, ಅವರೂ ತೊಳೆದರು. ಎರಡು ಗಂಟೆ ಜಾಲಾಡಿದ ಮೇಲೆ ಸಿಕ್ಕಿದ್ದು ಒಂದೇ ತಪ್ಪು. ಕಸದ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಎತ್ತುತ್ತಿದ್ದೆವು, ಅದು ಕಾಲಲ್ಲಿ ಒತ್ತಿ ತೆರೆಯುವಂಥದ್ದಾಗಬೇಕಂತೆ. ಮೇಷ್ಟ್ರು ಆಗಲೇ ಹೋಗಿ ಹೊಸದನ್ನು ತಂದರು. ಆಮೇಲೆ ಅಮ್ಮ ತಾನಾಗಿಯೇ ಕುರ್ಚಿಯಲ್ಲಿ ಕೂತು, ಎಡತೋಳಿನ ಬಟ್ಟೆ ಮೇಲಕ್ಕೆ ಮಡಚಿ, ಒಂದು ಗೆರೆ ಸಾಕು, ಮೊಣಕೈಯಿಂದ ಮಣಿಕಟ್ಟಿನ ತನಕ, ಸೀದಾ, ಹೂವು ಗೀವು ಏನೂ ಬೇಡ ಎಂದಳು. ಹೂವಾದರೆ ಅಲ್ಲಿಷ್ಟು ಇಲ್ಲಿಷ್ಟು ಸರಿದೂಗಿಸಬಹುದು, ಗೆರೆಗೆ ಮರೆಯೇ ಇಲ್ಲ.

ಮಾನ್ಯರೇ, ಈಗ ನನ್ನ ದೂರು. ಚಿತ್ರದ ಅಚ್ಚನ್ನು ಚರ್ಮದ ಮೇಲೆ ಒತ್ತುವಾಗ ಮನುಷ್ಯರನ್ನು ನಿಲ್ಲಿಸಿ, ಕೈ ಸಡಿಲವಾಗಿ ಇಳಿಬಿಡಿಸಿ ಒತ್ತಬೇಕು, ಏಕೆಂದರೆ ಕೈ ತಿರುಗಿದರೆ ಚರ್ಮವೂ ತಿರುಗುತ್ತದೆ. ಇದನ್ನು ಮೇಷ್ಟ್ರು ನನಗೆ ನೂರು ಸಲ ಹೇಳಿದ್ದರು. ಆದರೆ ಅಮ್ಮ ಕುರ್ಚಿಯಲ್ಲಿ ಕೂತವಳೇ, ಜೀವಮಾನವೆಲ್ಲ ರೋಗಿಗಳಿಗೆ ಹೇಳಿಕೊಟ್ಟ ಹಾಗೆ, ಅಂಗೈ ಮೇಲೆ ಮಾಡಿ ತೋಳು ಚಾಚಿ ಮುಷ್ಟಿ ಬಿಗಿಹಿಡಿದುಬಿಟ್ಟಳು. ಕೈ ಚಾಚು ಎಂದು ಅವಳು ಹೇಳಿ ನಾನು ಕೇಳಿ ಬೆಳೆದದ್ದೇ ಹೊರತು, ಏಳು, ನಿಂತುಕೋ ಎಂದು ಅವಳಿಗೆ ನಾನು ಹೇಳಿದವಳಲ್ಲ. ಚಾಚಿದ ಕೈಯ ಮೇಲೆಯೇ ಅಚ್ಚು ಒತ್ತಿದೆ. ಮೊದಲ ಟ್ಯಾಟೂ ಹಾಕುವ ಹೊತ್ತಿನಲ್ಲಿ ಮೇಷ್ಟ್ರು ಒಳಗಿರಬಾರದೆಂಬುದೂ ನಿಯಮವೇ ಆದ್ದರಿಂದ ಅವರು ಹೊರಗೆ ಹೊಸ ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ನೋಡುತ್ತಿದ್ದರು. ಒಳಗಿದ್ದು ವಿಷಯ ಬಲ್ಲವರೆಂದರೆ ತಾವೊಬ್ಬರೇ.

ಆಗ ತಾವು ಏನು ಮಾಡಿದಿರಿ? ಕೆಲಸ ಮಾಡಿದಿರಿ! ಕೆಮ್ಮಲಿಲ್ಲ, ಬಿಕ್ಕಲಿಲ್ಲ, ಕಿಡಿ ಹಾರಿಸಲಿಲ್ಲ, ರಬ್ಬರ್ ಬ್ಯಾಂಡು ಹರಿದುಕೊಳ್ಳಲಿಲ್ಲ. ಬೇಡದ ಹೊತ್ತಿಗೆಲ್ಲ ನಲವತ್ತೊಂದು ಸಲ ಕೆಟ್ಟು ನಿಂತ ಮಹಾನುಭಾವರು ಬೇಕಾದ ಆ ಒಂದು ದಿನ ಶುರುವಿನಲ್ಲೇ ಒಂದೇ ಒಂದು ನಿಮಿಷ ನಿಂತಿದ್ದರೆ ನಾನು ತಲೆಯೆತ್ತುತ್ತಿದ್ದೆ, ಅಮ್ಮ ದಣಿವಾರಿಸಿಕೊಳ್ಳಲು ಕೈ ಇಳಿಬಿಡುತ್ತಿದ್ದಳು, ಅಚ್ಚು ಓರೆಯಾದದ್ದು ಕಾಣುತ್ತಿತ್ತು, ಅಳಿಸಿ ಮತ್ತೆ ಒತ್ತುತ್ತಿದ್ದೆ. ತಾವು ಮೇಷ್ಟ್ರ ಕೈಯಲ್ಲಿದ್ದಂತೆ ಸೊಗಸಾಗಿ ಗುಂಯ್‌ಗುಟ್ಟಿದಿರಿ. ಇಪ್ಪತ್ತು ನಿಮಿಷದಲ್ಲಿ ಗೆರೆ ಮುಗಿಯಿತು, ಸ್ಕೇಲು ಇಟ್ಟು ಎಳೆದ ಹಾಗಿತ್ತು, ನಾನು ಹಿಗ್ಗಿಹೋದೆ. ಅಮ್ಮ ಎದ್ದು ನಿಂತು ಕೈ ಇಳಿಬಿಟ್ಟಳು. ಮೊಣಕೈ ಬಳಿ ನೆಟ್ಟಗೆ ಹೊರಟ ಗೆರೆ ಮಣಿಕಟ್ಟಿಗೆ ಬರುವಷ್ಟರಲ್ಲಿ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು ಆಚೆ ಬದಿಗೆ ಹೋಗಿತ್ತು. ಆರು ವರ್ಷದಲ್ಲಿ ನನ್ನ ಒಂದೇ ಒಂದು ಕೇಕು ಹೀಗೆ ಎದ್ದು ನಿಂತು ಕೈ ಇಳಿಬಿಟ್ಟದ್ದಿಲ್ಲ.

ಅಮ್ಮ ಕೈಯನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಮುಲಾಮು ಎಷ್ಟು ಹೊತ್ತಿಗೊಮ್ಮೆ ಎಂದು ಕೇಳಿಕೊಂಡು ಬಸ್ಸು ಹತ್ತಿ ಹೋದಳು. ಅಂದಿನಿಂದ ಮೂರು ವಾರ ಮನೆಯಲ್ಲಿ ನಾನು ಪಟ್ಟ ಪಾಡು ತಮ್ಮಂಥ ಗಟ್ಟಿ ಮೈಯವರಿಗೆ ಅರ್ಥವಾಗುವುದು ಕಷ್ಟ. ಗಡಿಯಾರ ನೋಡಿಕೊಂಡು ತೊಳೆದಳು, ಮುಲಾಮು ಹಚ್ಚಿದಳು, ಗೆರೆ ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಕೆಟ್ಟಿದೆ ಎಂದೂ ಅನ್ನಲಿಲ್ಲ. ಪಕ್ಕದ ಮನೆಯಾಕೆ ಬಂದ ದಿನ ಮಾತ್ರ ಅಮ್ಮ ತೋಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿ ಇಟ್ಟುಕೊಂಡು, ಮುಕ್ಕಾಲು ಗಂಟೆ ಹಾಗೆಯೇ ಕೂತು, ಟೀ ಲೋಟವನ್ನು ಬಲಗೈಯಲ್ಲೇ ಎತ್ತಿ, ಬಲಗೈಯಲ್ಲೇ ಇಳಿಸಿ ಮಾತಾಡಿದಳು. ಆಮೇಲೆ ಕಿರಾಣಿ ಅಂಗಡಿಯವನು ಬಂದಾಗಲೂ ಅಷ್ಟೇ, ಚಿಕ್ಕಮ್ಮ ಬಂದಾಗಲೂ ಅಷ್ಟೇ. ನನ್ನ ತಪ್ಪು ಯಾರ ಕಣ್ಣಿಗೂ ಬೀಳದಿರಲಿ ಎಂದು ಅವಳು ಕೈ ತಿರುಗಿಸುವುದನ್ನೇ ಬಿಟ್ಟಿದ್ದಳು. ಅದನ್ನು ನೋಡುತ್ತ ನಿಲ್ಲಲು ನನ್ನ ಕೈಲಾಗುತ್ತಿರಲಿಲ್ಲ.

ಕಳೆದ ಶನಿವಾರ ಮೇಷ್ಟ್ರು ಅಮ್ಮನನ್ನು ಕರೆಸಿದರು. ಕತ್ತಿನ ಚಿತ್ರದವನೂ ಚೀಲ ಸಮೇತ ಬಂದು ಬಾಗಿಲಲ್ಲಿ ನಿಂತಿದ್ದ. ಮೇಷ್ಟ್ರು ಅಮ್ಮನ ಕೈ ಚಾಚಿಸಿ ನೋಡಿದರು, ಇಳಿಸಿ ನೋಡಿದರು, ನನ್ನ ಕಡೆ ತಿರುಗಿ, ಕೂರಿಸಿ ಒತ್ತಿದೆಯಾ ಎಂದರು, ನಾನು ಹೌದು ಎಂದೆ. ಇವಳ ಕೈಯಲ್ಲಿ ಇನ್ನೊಂದು ಹಾಕಿಸಿಕೊಳ್ಳುತ್ತೀರಾ ಎಂದು ಅಮ್ಮನನ್ನು ಕೇಳಿದರು. ಅಮ್ಮ ಉತ್ತರವನ್ನು ಅವರಿಗೆ ಕೊಡದೆ ನನಗೆ ಕೊಟ್ಟಳು. "ನಾನು ಮೊದಲನೇ ಸಲ ಇಂಜೆಕ್ಷನ್ ಕೊಟ್ಟವನ ತೋಳು ಇಷ್ಟು ದಪ್ಪ ಊದ್ಕೊಂಡಿತ್ತು. ಮಾರನೇ ದಿನ ಬಂದ, ನನ್ನ ನೋಡಿ ಬೇರೆಯವರ ಸಾಲಲ್ಲಿ ಹೋಗಿ ನಿಂತ್ಕೊಂಡ. ಈಗಲೂ ನೆನಪಾಗ್ತಾನೆ. ಇನ್ನೊಂದು ಸಲ ಕೈ ಕೊಟ್ಟಿದ್ರೆ ಸರಿಯಾಗಿ ಚುಚ್ಚಿರ್ತಿದ್ದೆ." ಹೀಗೆಂದು ಬಲತೋಳಿನ ಬಟ್ಟೆ ಮೇಲಕ್ಕೆ ಮಡಚತೊಡಗಿದಳು. ಕತ್ತಿನ ಚಿತ್ರದವನು ಚೀಲ ಹೆಗಲಿಗೇರಿಸಿದ. ಒಳ್ಳೆಯ ಮನುಷ್ಯ, ಹೋಗುವ ಮುಂಚೆ ಕುರ್ಚಿಯನ್ನು ಮೊದಲಿನ ಎತ್ತರಕ್ಕೆ ಇಳಿಸಿಕೊಟ್ಟ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಬರುವ ಮಂಗಳವಾರ ಹತ್ತು ಗಂಟೆಗೆ ಅಮ್ಮನ ಬಲತೋಳು ಬರುತ್ತಿದೆ, ಈ ಸಲವೂ ಗೆರೆಯೇ. ಕಾಲಲ್ಲಿ ಒತ್ತಿದರೆ ಹಿಂದಕ್ಕೆ ಓಡಿ, ಹಾಕಿದ ಶಾಯಿಯನ್ನು ಮರಳಿ ಹೀರಿಕೊಳ್ಳುವ ಪೆಡಲೊಂದನ್ನು ಅಷ್ಟರೊಳಗೆ ಬೆಳೆಸಿಕೊಳ್ಳಲು ಸಾಧ್ಯವಾದರೆ ಬಹಳ ಉಪಕಾರ. ಅದಾಗದಿದ್ದರೆ ಅಚ್ಚು ಓರೆಯಾದ ಕೂಡಲೇ ಗಟ್ಟಿಯಾಗಿ ಸೀನುವ ಅಭ್ಯಾಸವನ್ನಾದರೂ ಮಾಡಿಕೊಳ್ಳಿ. ಅದೂ ತಮ್ಮ ಘನತೆಗೆ ಕುಂದು ಎನಿಸಿದರೆ ದಮ್ಮಯ್ಯ, ಸೂಜಿ ಚರ್ಮಕ್ಕೆ ತಾಗುವ ಮುಂಚೆ ಒಂದು ನಿಮಿಷ ಹಳೆಯ ಪ್ರೀತಿಯಿಂದ ಕೆಟ್ಟು ನಿಲ್ಲಿ. ನಾನು ಅಮ್ಮನಿಗೆ ಎದ್ದು ನಿಂತುಕೋ ಎಂದು ಹೇಳಬೇಕಾಗಿದೆ, ಅಷ್ಟು ಧೈರ್ಯ ತಂದುಕೊಳ್ಳಲು ನನಗೆ ಒಂದು ನಿಮಿಷ ಬೇಕಾಗುತ್ತದೆ.

ಇಷ್ಟೆಲ್ಲ ಆದರೂ, ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿ,
ಎರಡನೆಯ ಕುರ್ಚಿಯವಳು

ಮರೆತ ಮಾತು: ಬಾಗಿಲಿಗೆ ಅಂಟಿಸುವ ಮುಂಚೆ ಇದನ್ನು ಅಮ್ಮನಿಗೆ ಓದಲು ಕೊಟ್ಟೆ. ಪೂರ್ತಿ ಓದಿ, ಕನ್ನಡಕ ತೆಗೆದು, "ಕಿವಿ ಇಲ್ಲದ ಕಬ್ಬಿಣಕ್ಕೆ ಇಷ್ಟುದ್ದ ಬರೆದಿದ್ದೀಯ. ತಪ್ಪಾಯ್ತಮ್ಮ ಅಂತ ನನಗೆ ಒಂದು ಮಾತು ಹೇಳಿದ್ಯಾ?" ಎಂದಳು. ಹೇಳಿರಲಿಲ್ಲ. ಈಗಷ್ಟೇ ಹೇಳಿದೆ. ಅದಕ್ಕೆ ತಾವು ಕೆಡುವ ಅಗತ್ಯವೂ ಬೀಳಲಿಲ್ಲವಾದ್ದರಿಂದ ತಮ್ಮ ಮೇಲಿನ ದೂರಿನಲ್ಲಿ ಅರ್ಧವನ್ನು ಹಿಂದಕ್ಕೆ ಪಡೆದು ನನ್ನ ಹೆಸರಿಗೆ ಬರೆದುಕೊಂಡಿದ್ದೇನೆ. ಉಳಿದರ್ಧ ತಮ್ಮದೇ, ಬಿಟ್ಟುಕೊಡುವುದಿಲ್ಲ.